ನಡುಗಡ್ಡೆಯ ಬಾವಿ ಮತ್ತು ಭೂಗೋಳದ ಪಾಠ



ದ್ವೀಪ ಎಂದರೇನು? ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ ಎಂದು ಬರೆದರೆ ಅಂಕ ಸಿಗುತ್ತದೆ, ಪಾಠವೂ ಮುಗಿಯುತ್ತದೆ. ಆದರೆ ಆ ಭೂಭಾಗದ ಮೇಲೆ ಮನೆ ಕಟ್ಟಿಕೊಂಡವರು ಕುಡಿಯುವುದು ಯಾವ ನೀರನ್ನು? ಅವರ ಬಚ್ಚಲಿನ ನೀರು, ಪಾಯಖಾನೆಯ ಹೊಲಸು, ಮನೆಯ ಕಸ ಎಲ್ಲಿಗೆ ಹೋಗುತ್ತವೆ? ಹತ್ತು ಅಂಕದ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇವತ್ತು ನಾವು ಅದನ್ನೇ ಕೇಳಿಕೊಳ್ಳೋಣ. ಕಾರ್ಯಕ್ರಮದಲ್ಲಿ ಪರದೆಯ ಮೇಲೆ ತೋರಿಸುವ ನಕ್ಷೆಯನ್ನು ಈ ಪುಟದಲ್ಲಿ ಮಾತಿನಿಂದಲೇ ಬಿಡಿಸಬೇಕಾಗಿದೆ. ಓದುವಾಗ ಒಂದು ಹಾಳೆ, ಒಂದು ಪೆನ್ಸಿಲು ಪಕ್ಕದಲ್ಲಿಟ್ಟುಕೊಳ್ಳಿ.

ದ್ವೀಪವೆಂದೊಡನೆ ನಮಗೆ ಕಡಲು, ತೆಂಗಿನ ಮರ, ಹಡಗು ನೆನಪಾಗುತ್ತವೆ. ನಮ್ಮ ಕಲ್ಯಾಣ ಕರ್ನಾಟಕದ ದ್ವೀಪಗಳು ಹೊಳೆಯೊಳಗಿವೆ. ಹೊಳೆಯ ನಡುವಿನ ನೆಲಕ್ಕೆ ಹಳೆಯ ಕನ್ನಡದಲ್ಲಿ ಕುರುವ ಎಂಬ ಹೆಸರುಂಟು. ಈಗ ಗಡ್ಡೆ, ಗಡ್ಡಿ, ನಡುಗಡ್ಡೆ ಎನ್ನುತ್ತೇವೆ. ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ಇರುವ ಕುರ್ವಕುಲ, ಕುರ್ವಕುರ್ದದಂತಹ ಊರುಗಳ ಹೆಸರಿನಲ್ಲೇ ಆ ಮಾತು ಉಳಿದುಕೊಂಡಿದೆ. ದತ್ತ ಕ್ಷೇತ್ರವೆಂದು ಯಾತ್ರಿಕರು ಹೋಗುವ ಕುರುವಾಪುರವೂ ಕೃಷ್ಣೆಯ ನಡುಗಡ್ಡೆಯೇ. ಇನ್ನೂ ಮೇಲಕ್ಕೆ, ನಾರಾಯಣಪುರ ಅಣೆಕಟ್ಟಿನ ಕೆಳಗೆ ಸುರಪುರದ ಕಡೆ, ನೀಲಕಂಠರಾಯನಗಡ್ಡಿ ಇದೆ. ಇಂಥ ಊರುಗಳಲ್ಲಿ ಹೊಳೆ ದಾಟಲು ಬಹುಕಾಲ ತೆಪ್ಪ, ಹರಗೋಲುಗಳೇ ಗತಿಯಾಗಿದ್ದವು.

ತೆಪ್ಪದ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. ಬರುವಾಗ ಅದರಲ್ಲಿ ಗೊಬ್ಬರದ ಚೀಲ, ಎಣ್ಣೆಯ ಡಬ್ಬ, ಬಿಸ್ಕತ್ತಿನ ಪಾಕೀಟು, ಕೀಟನಾಶಕದ ಬಾಟಲಿ ಬರುತ್ತವೆ. ತಿರುಗಿ ಹೋಗುವಾಗ ಜನ ಹೋಗುತ್ತಾರೆ, ಬೆಳೆ ಹೋಗುತ್ತದೆ. ಖಾಲಿ ಬಾಟಲಿಗೆ ದುಡ್ಡು ಕೊಟ್ಟು ತೆಪ್ಪ ಹತ್ತಿಸುವವರು ಯಾರು? ಊರಿಗೆ ಬಂದ ವಸ್ತುವಿನ ಒಂದು ಪಾಲು ಅಲ್ಲೇ ಉಳಿಯುತ್ತದೆ, ಇಲ್ಲವೆ ಹೊಳೆಗೆ ಬೀಳುತ್ತದೆ. ದಂಡೆಯ ಮೇಲಿನ ಊರಿನವರು ಕಸವನ್ನು ಊರಾಚೆ ಎಸೆದು, ಅದು ಹೋಯಿತು ಎಂದುಕೊಳ್ಳಬಹುದು. ನಡುಗಡ್ಡೆಗೆ ಊರಾಚೆ ಎಂಬುದೇ ಇಲ್ಲ. ಭೂಗೋಳದ ವಿದ್ಯಾರ್ಥಿಗೆ ದ್ವೀಪ ಉಪಯೋಗಕ್ಕೆ ಬರುವುದು ಇದಕ್ಕೇ. ಬೇರೆಡೆ ಕಣ್ಣಿಗೆ ಬೀಳದ ಲೆಕ್ಕ ಅಲ್ಲಿ ಅಂಗೈ ಮೇಲಿನ ನೆಲ್ಲಿಯಂತೆ ಕಾಣುತ್ತದೆ.

ಈಗ ಹಾಳೆಯ ಮೇಲೆ ಒಂದು ಹೊಳೆ ಬರೆಯಿರಿ. ಅದರ ಹೆಸರು ಕಾಗಿಣಾ. ತೆಲಂಗಾಣದ ವಿಕಾರಾಬಾದ್ ಕಡೆಯ ಗುಡ್ಡಗಳಿಂದ ಇಳಿದು, ತಾಂಡೂರು ಬದಿಯಿಂದ ಕರ್ನಾಟಕಕ್ಕೆ ಬಂದು, ಸೇಡಂ ಸೀಮೆಯನ್ನು ಹಾಯ್ದು ಅದು ಮಳಖೇಡಕ್ಕೆ ಬರುತ್ತದೆ. ಚಿಂಚೋಳಿ ಕಡೆಯಿಂದ ಬರುವ ಮುಲ್ಲಾಮಾರಿ, ಇನ್ನೊಂದು ಕಡೆಯಿಂದ ಬರುವ ಬೆಣ್ಣೆತೊರೆ ಇದರ ಉಪನದಿಗಳು. ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಎರಡು ಹೊಳೆಗಳ ಹೆಸರಿನಿಂದ ಹೇಳಿತು. ನೆಲವನ್ನು ನೀರಿನಿಂದ ಗುರುತಿಸುವ ಪಾಠ ಈ ಸೀಮೆಗೆ ಹೊಸದೇನಲ್ಲ. ಮಳಖೇಡದ ಕೆಳಗೆ, ಚಿತ್ತಾಪುರ ತಾಲ್ಲೂಕಿನಲ್ಲಿ, ಇದೇ ಹೊಳೆಯ ದಂಡೆಗೆ ದಂಡೋತಿ ಇದೆ. ಅಲ್ಲಿಂದ ಮುಂದೆ ಕಾಗಿಣಾ ಶಹಾಬಾದ ಸೀಮೆಯಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಸನ್ನತಿ, ಯಾದಗಿರಿಗಳನ್ನು ದಾಟಿ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಆ ಸಂಗಮದ ಕೆಳಗೇ ನಾವು ಹೇಳಿದ ಕುರ್ವಕುಲ, ಕುರುವಾಪುರಗಳಿವೆ. ಅಂದರೆ ದಂಡೋತಿಯ ಕೆಳಗೆ ಹರಿದ ನೀರೇ ಮುಂದೆ ಆ ನಡುಗಡ್ಡೆಗಳನ್ನು ಸುತ್ತುತ್ತದೆ.

ದಂಡೋತಿ ದ್ವೀಪವಲ್ಲ. ಆದರೆ ಮಳೆಗಾಲದಲ್ಲಿ ಅಲ್ಲಿನ ಕಾಗಿಣಾ ಸೇತುವೆ ಎಷ್ಟು ಸಲ ಮುಳುಗಿದೆ ಎಂಬುದು ಆ ಭಾಗದ ಮಕ್ಕಳಿಗೆ ಗೊತ್ತು. ಸೇತುವೆ ಮುಳುಗಿದರೆ ಬಸ್ಸು ಇಲ್ಲ, ಆಚೆಯ ಶಾಲೆ ಇಲ್ಲ, ಆಸ್ಪತ್ರೆಗೆ ಸುತ್ತುದಾರಿ. 2020ರ ಅಕ್ಟೋಬರಿನಲ್ಲಿ ಭೀಮೆ, ಕಾಗಿಣಾ ಎರಡೂ ಉಕ್ಕಿದಾಗ ಕಲಬುರಗಿ ಜಿಲ್ಲೆಯ ಎಷ್ಟೋ ಹಳ್ಳಿಗಳು ಕೆಲವು ದಿನ ದ್ವೀಪಗಳೇ ಆಗಿದ್ದವು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು. ದೂರದರ್ಶನಕ್ಕೆ ನೀರು ಏರುವುದು ದೃಶ್ಯ, ಇಳಿಯುವುದು ದೃಶ್ಯವಲ್ಲ. ಸೇತುವೆ ಮೇಲೆ ನೊರೆ ಹಾರುವುದು, ದೋಣಿಯಲ್ಲಿ ಮುದುಕಿಯನ್ನು ಕರೆತರುವುದು ಸುದ್ದಿಯಲ್ಲಿ ಬರುತ್ತದೆ. ನೀರು ಇಳಿದ ನಾಲ್ಕನೆಯ ದಿನ ಊರ ಬಾವಿಯ ನೀರು ಹೇಗಿದೆ ಎಂದು ಕ್ಯಾಮೆರಾ ಇಣುಕುವುದು ಅಪರೂಪ. ವಾಂತಿಭೇದಿ ಹೊರಡುವುದು ಮಾತ್ರ ಆ ನಾಲ್ಕನೆಯ ದಿನದ ಹೊತ್ತಿಗೇ. ನೆರೆ ಬಂದಾಗ ತಿಪ್ಪೆ, ಚರಂಡಿ, ಬಯಲು, ಪಾಯಖಾನೆಯ ಗುಂಡಿ ಎಲ್ಲವೂ ಒಂದೇ ನೀರಿನಡಿ ಬರುತ್ತವೆ. ಆ ನೀರು ಇಳಿಯುವಾಗ ಬಾವಿಯಲ್ಲಿ, ಕೊಳವೆಬಾವಿಯ ಬಿರುಕಿನಲ್ಲಿ ತನ್ನ ಪಾಲನ್ನು ಬಿಟ್ಟು ಹೋಗುತ್ತದೆ.

ದಂಡೋತಿಯಂಥ ಊರಿಗೆ ಇನ್ನೊಂದು ತೊಡಕಿದೆ. ಅದು ನೆಲದೊಳಗಿನದು, ನೆರೆ ಇಲ್ಲದಾಗಲೂ ಇರುವಂಥದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕೆಳಗಿರುವುದು ಸುಣ್ಣದ ಕಲ್ಲು. ನಿಮ್ಮ ಮನೆಯ ಪಡಸಾಲೆಗೆ ಹಾಸಿರುವ ನುಣುಪಾದ ಶಹಾಬಾದ ಪರಸಿ ಅದೇ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತದ್ದೂ ಇದೇ ಕಲ್ಲಿನ ಮೇಲೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಇದು. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಬಿರುಕಿನಲ್ಲಿಳಿದು ಸುಣ್ಣವನ್ನು ಕರಗಿಸುತ್ತ ಹೋದಂತೆ ಬಿರುಕು ಅಗಲವಾಗುತ್ತದೆ. ಕರಗಿದ ಸುಣ್ಣ ಬಾವಿಗೆ ಬರುತ್ತದೆ. ಅದಕ್ಕೇ ನೀರು ಗಡಸು. ಸೋಪು ನೊರೆ ಬಿಡುವುದಿಲ್ಲ, ತೊಗರಿಯ ಕಣಜವೆನಿಸಿದ ನಾಡಿನಲ್ಲೇ ಬೇಳೆ ಬೇಗ ಬೇಯುವುದಿಲ್ಲ. ಇದು ಬೇಸರದ ಸಂಗತಿ, ಅಷ್ಟೇ. ಗಡಸು ನೀರಿನಿಂದ ವಾಂತಿಭೇದಿ ಬರುವುದಿಲ್ಲ. ಅಪಾಯ ಇರುವುದು ಆ ಬಿರುಕಿನಲ್ಲಿ.

ಮಣ್ಣು ಒಂದು ಜರಡಿ. ಪಾಯಖಾನೆಯ ಗುಂಡಿಯಿಂದ ಇಂಗಿದ ನೀರು ಸಣ್ಣ ಮರಳು, ಮಣ್ಣಿನ ಕಣಗಳ ನಡುವೆ ನಿಧಾನವಾಗಿ ಸಾಗುವಾಗ ರೋಗಾಣುಗಳು ಕಣಗಳಿಗೆ ಅಂಟಿಕೊಳ್ಳುತ್ತವೆ, ಆಹಾರವಿಲ್ಲದೆ ಸಾಯುತ್ತವೆ. ಗುಂಡಿಗೂ ಬಾವಿಗೂ ನಡುವೆ 10 ಮೀಟರು ಅಂತರವಿರಲಿ ಎಂಬ ರೂಢಿಯ ನಿಯಮ ಈ ಜರಡಿಯನ್ನು ನಂಬಿ ಮಾಡಿದ್ದು. ಸುಣ್ಣದ ಕಲ್ಲಿನ ಬಿರುಕಿನಲ್ಲಿ ಜರಡಿ ಇಲ್ಲ, ಅದೊಂದು ಕೊಳಾಯಿ. ಅಂಥ ಬಿರುಕಿನಲ್ಲಿ ನೀರು ಒಂದೇ ದಿನದಲ್ಲಿ ನೂರಾರು ಮೀಟರು ಸಾಗಬಲ್ಲದು. ಆಗ 10 ಮೀಟರಿನ ನಿಯಮ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ ಎನ್ನುವುದಕ್ಕೆ ದೂರದ ಎರಡು ನಿದರ್ಶನಗಳನ್ನು ನೋಡೋಣ. ಅಮೆರಿಕದ ಈರಿ ಸರೋವರದಲ್ಲಿ ಸೌತ್ ಬಾಸ್ ಎಂಬ ಪುಟ್ಟ ದ್ವೀಪವಿದೆ. ಅದರ ತಳವೂ ಬಿರುಕು, ಗುಹೆಗಳಿರುವ ಸುಣ್ಣದ ಜಾತಿಯ ಕಲ್ಲೇ. ಮನೆಗಳಿಗೆ ಸೆಪ್ಟಿಕ್ ಟ್ಯಾಂಕು, ಪಕ್ಕದಲ್ಲೇ ಬಾವಿ. 2004ರ ಬೇಸಿಗೆಯಲ್ಲಿ ಅಲ್ಲಿ ಸುಮಾರು 1,450 ಜನ ವಾಂತಿಭೇದಿಯಿಂದ ನರಳಿದರು. ಹೊಲಸು ನೀರು ಅಂತರ್ಜಲಕ್ಕೆ ಸೇರಿದ್ದು ತನಿಖೆಯಲ್ಲಿ ಕಂಡುಬಂತು. ಇನ್ನೊಂದು ಊರು ಕೆನಡಾದ ವಾಕರ್‌ಟನ್. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು, ಹೊಲದ ಸಗಣಿಗೊಬ್ಬರದ ರೋಗಾಣುಗಳು ಬಿರುಕಿನ ಕಲ್ಲಿನ ಮೇಲೆ ತೋಡಿದ್ದ ಆಳವಿಲ್ಲದ ಕೊಳವೆಬಾವಿಗೆ ಇಳಿದವು. ಕ್ಲೋರಿನ್ ಸಾಕಷ್ಟು ಬೆರೆಸಿರಲಿಲ್ಲ. 2,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, 7 ಮಂದಿ ತೀರಿಕೊಂಡರು. ಎರಡೂ ಸಿರಿವಂತ ದೇಶದ ಊರುಗಳು, ಮನೆಮನೆಗೆ ಪಾಯಖಾನೆ ಇದ್ದ ಊರುಗಳು.

ನಮ್ಮ ಸುತ್ತಲೂ ಸಾಕಷ್ಟು ಉದಾಹರಣೆಗಳಿವೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಯಾದಗಿರಿ ಜಿಲ್ಲೆಯ ಅನಪುರದಲ್ಲಿ ಕಲುಷಿತ ನೀರಿನಿಂದ ಜನ ಸತ್ತರು. ಅಲ್ಲಿ ಜನರು ಕುಡಿದದ್ದು ನಲ್ಲಿಯ ನೀರನ್ನು. ನಲ್ಲಿಯಲ್ಲಿ ಬಂದದ್ದೆಲ್ಲ ಶುದ್ಧ ಎಂದು ತಿಳಿಯಬಾರದು. ಪೈಪು ಚರಂಡಿಯೊಳಗೆ ಹಾಯ್ದಿದ್ದು ಎಲ್ಲೋ ಒಂದು ಕಡೆ ಸೀಳಿದ್ದರೆ, ನೀರು ಬಿಟ್ಟಾಗ ಒಳಗಿನ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಹೊರಗಿನ ಚರಂಡಿ ನೀರು ಒಳಗೆ ಜಗ್ಗುತ್ತದೆ. ದಿನಕ್ಕೆ ಒಂದು ತಾಸು ನೀರು ಬಿಡುವ ಊರಿನಲ್ಲಿ ಉಳಿದ 23 ತಾಸು ಈ ಜಗ್ಗುವಿಕೆಗೆ ಅವಕಾಶವಿದೆ.

ಹಾಗಾದರೆ ಪಾಯಖಾನೆಯೇ ಬೇಡವೇ, ಚರಗಿ ಹಿಡಿದು ಬಯಲಿಗೆ ಹೋಗುವುದೇ ವಾಸಿಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಬಯಲಿನ ಹೊಲಸು ಮೊದಲ ಮಳೆಗೇ ಹಳ್ಳಕ್ಕೆ ಬರುತ್ತದೆ. ಕತ್ತಲಾಗುವವರೆಗೆ ತಡೆದುಕೊಂಡು ಕೂರುವ ಹೆಣ್ಣುಮಕ್ಕಳ ಕಷ್ಟವಂತೂ ಹೇಳತೀರದು. 2014ರಿಂದ 2019ರವರೆಗಿನ ಸ್ವಚ್ಛ ಭಾರತದ ದಿನಗಳಲ್ಲಿ ಹಳ್ಳಿಗಳಲ್ಲಿ ಕೋಟಿಗಟ್ಟಲೆ ಪಾಯಖಾನೆ ಕಟ್ಟಿದ್ದು ದೊಡ್ಡ ಕೆಲಸ. ಆದರೆ ಎಣಿಸಿದ್ದು ಕೋಣೆಗಳನ್ನು. ಗುಂಡಿಯ ತಳದಲ್ಲಿ ಯಾವ ಕಲ್ಲಿದೆ ಎಂದು ನೋಡುವುದು ಎಣಿಕೆಯ ಕೆಲಸವಲ್ಲ, ಅದು ಭೂಗೋಳದ ಕೆಲಸ. ಶಾಲೆಯ ಪಾಯಖಾನೆಯದೂ ಹಾಗೆಯೇ: ನೀರಿನ ತೊಟ್ಟಿ ಇಲ್ಲದಿದ್ದರೆ ಅದು ಬೀಗ ಹಾಕಿದ ಇನ್ನೊಂದು ಕೋಣೆ.

ಕಲ್ಲಿನ ನೆಲದಲ್ಲಿ ಗುಂಡಿ ಮಾಡುವ ವಿಧಾನ ತಂತ್ರಜ್ಞರಿಗೆ ಗೊತ್ತಿದೆ. ಗುಂಡಿಯನ್ನು ಆಳವಾಗಿ ತೋಡದೆ ಮೇಲ್ಮಟ್ಟದಲ್ಲೇ ಇಡಬೇಕು. ತಳವನ್ನು ನೀರಿಳಿಯದಂತೆ ಗಚ್ಚು ಮಾಡಬೇಕು. ಗೋಡೆಯ ಸುತ್ತ ಅರ್ಧ ಮೀಟರು ದಪ್ಪಕ್ಕೆ ಸಣ್ಣ ಮರಳು ತುಂಬಬೇಕು. ನೆಲ ಕೊಡದ ಜರಡಿಯನ್ನು ಹೀಗೆ ನಾವೇ ಕಟ್ಟಿಕೊಡುತ್ತೇವೆ. ನೆರೆ ಬರುವ ಕಡೆ ಪಾಯಖಾನೆಯ ನೆಲವನ್ನೇ ಎತ್ತರಿಸಬೇಕು. ಒಂದರ ಬದಲು ಎರಡು ಗುಂಡಿ ಇದ್ದರೆ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ ಮೊದಲನೆಯದನ್ನು ಒಂದೂವರೆ, ಎರಡು ವರ್ಷ ಮುಚ್ಚಿಡಬಹುದು. ಅಷ್ಟರಲ್ಲಿ ಒಳಗಿರುವುದು ಮಣ್ಣಿನಂಥ ಗೊಬ್ಬರವಾಗುತ್ತದೆ. ಯಾರ ಕೈಯೂ ಹೊಲಸು ಮುಟ್ಟುವ ಪ್ರಸಂಗ ಬರುವುದಿಲ್ಲ. ಈ ಕೊನೆಯ ಮಾತು ಸಣ್ಣದೆಂದು ಎಣಿಸಬೇಡಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರ ಕೇಂದ್ರ ಕಾನೂನೂ ಇದೆ. ಆದರೂ ಒಂದೇ ಗುಂಡಿ ತೋಡಿ, ತುಂಬಿದ ಮೇಲೆ ನೋಡಿಕೊಳ್ಳೋಣ ಎನ್ನುವವರು, ಯಾರನ್ನು ಕರೆಸಬೇಕೆಂದು ಮನಸ್ಸಿನಲ್ಲಿ ಆಗಲೇ ಗೊತ್ತು ಮಾಡಿಕೊಂಡಿರುತ್ತಾರೆ.

ಕಸದ ಬಗ್ಗೆ ಒಂದೇ ಮಾತು. ಪರಸಿ ತೆಗೆದು ಬಿಟ್ಟ ಹಳೆಯ ಖಣಿ ಕಂಡರೆ ಕಸ ಸುರಿಯಲು ಒಳ್ಳೆಯ ಜಾಗ ಅನಿಸುತ್ತದೆ. ಖಣಿಯಲ್ಲಿ ಮೇಲುಮಣ್ಣು ಇಲ್ಲ, ಬಿರುಕು ಬಾಯಿ ತೆರೆದುಕೊಂಡಿರುತ್ತದೆ. ಅಲ್ಲಿ ಸುರಿದದ್ದು ನೇರವಾಗಿ ಅಂತರ್ಜಲದ ಮನೆಗೆ ಹೋಗುತ್ತದೆ.

ಈಗ ನಕ್ಷೆಗೆ ಬರೋಣ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದು, ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಆಗಿನವರು ದುರ್ಗಂಧದ ಗಾಳಿಯೇ ಕಾರಣವೆಂದು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಮಾತ್ರ ಸತ್ತವರ ಮನೆಗಳನ್ನು ಬೀದಿಯ ನಕ್ಷೆಯಲ್ಲಿ ಗುರುತು ಮಾಡಿದ. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆಸಲಾಯಿತು. ಆಮೇಲೆ ಅಗೆದು ನೋಡಿದರೆ ಪಕ್ಕದ ಮನೆಯ ಹೊಲಸಿನ ಗುಂಡಿ ಬಾವಿಗೆ ಒಂದು ಮೀಟರಿನಷ್ಟು ಸಮೀಪದಲ್ಲಿತ್ತು, ಅದರ ಇಟ್ಟಿಗೆ ಶಿಥಿಲವಾಗಿತ್ತು. ಕಾಲರಾದ ಕ್ರಿಮಿಯೇ ರೋಗಕ್ಕೆ ಕಾರಣವೆಂದು ಜಗತ್ತು ಒಪ್ಪುವ ಎಷ್ಟೋ ವರ್ಷ ಮೊದಲೇ ನಕ್ಷೆ ಉತ್ತರ ಹೇಳಿತ್ತು.

ನಿಮ್ಮ ಊರಿನ ನಕ್ಷೆಯಲ್ಲಿ ಬಾವಿ, ಕೊಳವೆಬಾವಿ, ನೀರಿನ ಟ್ಯಾಂಕು, ಪೈಪು ಹಾಯುವ ದಾರಿ ಒಂದು ಬಣ್ಣ. ಪಾಯಖಾನೆಯ ಗುಂಡಿ, ತಿಪ್ಪೆ, ಚರಂಡಿ, ಹಳೆಯ ಖಣಿ ಇನ್ನೊಂದು ಬಣ್ಣ. ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಒಂದು ಗೆರೆ. ಇಷ್ಟಾದ ಮೇಲೆ ಸ್ವಾರಸ್ಯದ ಕೆಲಸವೊಂದಿದೆ. ನೆಲದೊಳಗಿನ ನೀರು ಯಾವ ಕಡೆ ಹರಿಯುತ್ತಿದೆ ಎಂದು ಕಂಡುಹಿಡಿಯುವುದು.

ಅದಕ್ಕೆ ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳು, ಒಂದು ಹಗ್ಗ, ಅಳತೆಯ ಟೇಪು, ಗೌಂಡಿಯವರ ಹತ್ತಿರ ಇರುವ ಲೆವೆಲ್ ಪೈಪು ಸಾಕು. ಶಾಲೆಯ ಹೊಸ್ತಿಲನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಅಗಸಿ ಬಾವಿಯ ಕಟ್ಟೆ ಹೊಸ್ತಿಲಿಗಿಂತ 1.2 ಮೀಟರು ಕೆಳಗಿದೆ, ಕಟ್ಟೆಯಿಂದ ನೀರು 5 ಮೀಟರು ಕೆಳಗೆ. ಒಟ್ಟು 6.2. ಗುಡಿ ಬಾವಿಯ ಕಟ್ಟೆ 0.4 ಕೆಳಗೆ, ನೀರು 6.5. ಒಟ್ಟು 6.9. ಹೊಳೆದಂಡೆಯ ಬಾವಿ 2.6 ಕೆಳಗೆ, ನೀರು 3.9. ಒಟ್ಟು 6.5. ಕಣ್ಣಿಗೆ ನೆಲ ಹೊಳೆಯ ಕಡೆ ಇಳಿಜಾರು. ಆದರೆ ನೀರು ಎಲ್ಲಕ್ಕಿಂತ ಕೆಳಗಿರುವುದು ಎತ್ತರದ ಗುಡಿ ಬಾವಿಯಲ್ಲಿ. ಪಕ್ಕದಲ್ಲಿ ಯಾರೋ ಪಂಪು ಹಚ್ಚಿ ದಿನವಿಡೀ ನೀರೆತ್ತುತ್ತಿದ್ದರೆ ಹೀಗಾಗುತ್ತದೆ. ಆಗ ಸುತ್ತಲಿನ ಅಂತರ್ಜಲ, ಗುಂಡಿಗಳಿಂದ ಇಂಗಿದ್ದೂ ಸೇರಿ, ಗುಡಿ ಬಾವಿಯ ಕಡೆ ಮುಖ ಮಾಡುತ್ತದೆ. ಸುಣ್ಣದ ಕಲ್ಲಿನಲ್ಲಿ ಬಿರುಕಿನ ದಿಕ್ಕು ಈ ಲೆಕ್ಕವನ್ನು ಕೆಲವೊಮ್ಮೆ ತಪ್ಪಿಸುತ್ತದೆ. ಆದರೂ ಮೊದಲು ಯಾವ ಬಾವಿಯನ್ನು ಅನುಮಾನಿಸಬೇಕು ಎಂಬುದು ತಿಳಿಯುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆಯಿರಿ, ಉತ್ತರ ಬದಲಾಗಬಹುದು. ಬಾವಿಯೊಳಗೆ ಬಗ್ಗುವಾಗ ದೊಡ್ಡವರೊಬ್ಬರು ಜೊತೆಗಿರಲಿ.

ಅನುಮಾನ ಬಂದ ಬಾವಿಯ ನೀರನ್ನು ಬಾಯಿರುಚಿಯಿಂದ ಪರೀಕ್ಷಿಸಲಾಗದು. ಸಿಹಿನೀರಿನಲ್ಲೂ ಹೊಲಸು ಇರುತ್ತದೆ, ಸವಳು ನೀರು ರೋಗಾಣುವಿಲ್ಲದೆಯೂ ಇರಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೊಲೈ ಒಂದೂ ಇರಕೂಡದು. ಇದನ್ನು ಹಳ್ಳಿಯಲ್ಲೇ ಅಂದಾಜು ಮಾಡಲು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಒಂದು ಸರಳ ಉಪಾಯ ಪ್ರಕಟಿಸಿದರು. ಔಷಧ ಹಚ್ಚಿದ ಕಾಗದದ ಪಟ್ಟಿ ಇರುವ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಮಲದ ಸೋಂಕು ಇದ್ದಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರು ಕಪ್ಪಾಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಪರೀಕ್ಷೆಯ ಕಿಟ್ ಎಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ನಕ್ಷೆ ಕೈಯಲ್ಲಿದ್ದರೆ ಕೇಳುವುದು ಸುಲಭ.

ನೀರು ಕಪ್ಪಾದರೆ ಕಾಯಿಸಿ ಕುಡಿಯುವುದು ಮನೆಯ ಉಪಾಯ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಹಿಡಿ ಹಿಡಿಯಾಗಿ ಎರಚುವುದನ್ನು ನೋಡಿರಬಹುದು, ಅದು ಸರಿಯಲ್ಲ. ಲೆಕ್ಕ ಹೀಗೆ: ಬಾವಿಯ ವ್ಯಾಸ 3 ಮೀಟರು, ನೀರಿನ ಆಳ 4 ಮೀಟರು ಎನ್ನಿ. ವ್ಯಾಸದ ವರ್ಗವನ್ನು ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ 28.26 ಘನ ಮೀಟರು, ಅಂದರೆ 28,260 ಲೀಟರು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕು. ಒಟ್ಟು 71 ಗ್ರಾಂ. ಡಬ್ಬ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡ ಮುಳುಗಿಸಿ ಎತ್ತಿ ಕಲಕಬೇಕು. ನೆರೆ ಹೊಕ್ಕ ಬಾವಿಯಾದರೆ ಮೊದಲು ಕೆಸರು ನೀರನ್ನೆಲ್ಲ ಎತ್ತಿ ಹೊರಚೆಲ್ಲಬೇಕು, ರಾಡಿ ನೀರಿನಲ್ಲಿ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಪುಡಿಯ ಪ್ರಮಾಣವನ್ನೂ ಆಗ ಆರೋಗ್ಯ ಕಾರ್ಯಕರ್ತರು ಹೆಚ್ಚಿಸಿ ಹೇಳುತ್ತಾರೆ. ರಾತ್ರಿ ಹಾಕಿದರೆ ಒಳ್ಳೆಯದು. ಒಂದು ತಾಸಾದರೂ ಯಾರೂ ನೀರು ಸೇದಬಾರದು. ಬೆಳಿಗ್ಗೆ ಮೊದಲ ಕೊಡ ಎತ್ತುವಾಗ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇನ್ನೂ ಉಳಿದಿದೆಯೇ ಎಂದು ಅದೇ ಕಿಟ್ಟಿನಲ್ಲಿ ನೋಡಿ, ತಾರೀಖಿನೊಡನೆ ನಕ್ಷೆಯ ಮೇಲೆ ಆ ಬಾವಿಯ ಪಕ್ಕ ಬರೆದಿಡಿ.